ಬ್ಲೂಗ್ರಾಸ್ ತಂಡದ ಐವರು ಯಾವ ಯಾವ ಸಂಗೀತದಿಂದ ಬಂದವರು?

ಪ್ರಶ್ನೆ: ನಾದಬಿಂದು

ಬ್ಲೂಗ್ರಾಸ್ ಎಂಬ ಅಮೆರಿಕದ ತಂತಿವಾದ್ಯ ಸಂಗೀತದ ಬಿಲ್ ಮನ್ರೋ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡವು 1946 ಮತ್ತು 1947ರಲ್ಲಿ ಕೊಲಂಬಿಯಾ ಕಂಪನಿಗಾಗಿ ಮಾಡಿದ ಧ್ವನಿಮುದ್ರಣಗಳನ್ನು ಈಚೆಗೆ ಗಮನವಿಟ್ಟು ಕೇಳುತ್ತಿದ್ದೇನೆ. ಜೊತೆಯಲ್ಲೇ ಇಂದಿನ ‘ಪಂಚ್ ಬ್ರದರ್ಸ್’ ತಂಡವನ್ನೂ ಕೇಳುತ್ತಿರುವುದರಿಂದ ಒಂದು ಸಂದೇಹ ಹುಟ್ಟಿದೆ. ಎರಡೂ ತಂಡಗಳಲ್ಲಿ ಇರುವುದು ಅವೇ ಐದು ವಾದ್ಯಗಳು: ಮ್ಯಾಂಡೊಲಿನ್, ಬ್ಯಾಂಜೊ, ಗಿಟಾರ್, ಪಿಟೀಲು ಮತ್ತು ಡಬಲ್ ಬಾಸ್. ಒಬ್ಬರು ಮುಂದೆ ಬಂದು ನುಡಿಸುವಾಗ ಉಳಿದವರು ಹಿಂದೆ ಸರಿದು ಆಸರೆ ಕೊಡುವ ಕ್ರಮವೂ ಎರಡರಲ್ಲಿಯೂ ಒಂದೇ. ಆದರೆ ಮೊದಲ ತಂಡದ ಕುರಿತು ಬರೆಯುವವರು ಅದನ್ನು ಅಪಲಾಚಿಯನ್ ಬೆಟ್ಟಗಳ ಹಳ್ಳಿಗಾಡಿನಲ್ಲಿ ತಾನಾಗಿ ಬೆಳೆದ ಸಂಗೀತವೆಂದೂ, ಎರಡನೆಯ ತಂಡದ ಕುರಿತು ಬರೆಯುವವರು ಅದನ್ನು ಸಂಗೀತ ಶಾಲೆಗಳಲ್ಲಿ ಪಳಗಿದವರ ಸಂಗೀತವೆಂದೂ ಹೇಳಿ ಕೈತೊಳೆದುಕೊಳ್ಳುತ್ತಾರೆ.

ಹಳೆಯ ತಂಡದ ಐವರೂ ನಿಜವಾಗಿ ಒಂದೇ ಬಗೆಯ ಸಂಗೀತವನ್ನು ಕೇಳಿಕೊಂಡು ಬೆಳೆದವರೇ, ಅಥವಾ ಅವರಲ್ಲಿಯೂ ಬೇರೆ ಬೇರೆ ಹಿನ್ನೆಲೆಗಳಿದ್ದವೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಬೇರೆ ಬೇರೆ ಇದ್ದಿದ್ದರೆ ಅದು ನುಡಿಸಾಣಿಕೆಯಲ್ಲಿ ಕಿವಿಗೆ ಗೊತ್ತಾಗುವಂತಿದೆಯೇ? ಶಾಸ್ತ್ರೀಯ ಶಿಕ್ಷಣ ಪಡೆದವರು ಈ ಸಂಗೀತಕ್ಕೆ ಬಂದಾಗ ಏನನ್ನು ತಂದರು, ಏನನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನೂ ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ. ಕಲಾವಿದರ ಜೀವನಚರಿತ್ರೆ ಪೂರ್ತಿ ಬೇಕಿಲ್ಲ. ಅವರ ಸಂಗೀತಕ್ಕೆ ಸಂಬಂಧಪಟ್ಟಷ್ಟು ಸಾಕು.

ಉತ್ತರ: ಗಾನತಟ್ಟೆ

ನಾದಬಿಂದು ಅವರೇ, ನಿಮ್ಮ ಸಂದೇಹ ಸರಿಯಾದದ್ದೇ. ಆ ಐವರು ಒಂದೇ ಬೆಟ್ಟದಿಂದ ಇಳಿದು ಬಂದವರಲ್ಲ. ತಂಡದ ಯಜಮಾನರಾದ ಮನ್ರೋ ಅವರೇ ಬೆಟ್ಟದವರಲ್ಲ. ಅವರು 1911ರ ಸೆಪ್ಟೆಂಬರಿನಲ್ಲಿ ಹುಟ್ಟಿದ್ದು ಕೆಂಟಕಿಯ ಪಶ್ಚಿಮ ಭಾಗದಲ್ಲಿರುವ ರೋಸಿನ್ ಎಂಬ ಸಣ್ಣ ಊರಿನ ಬಳಿ. ಅಪಲಾಚಿಯನ್ ಸಾಲು ಅಲ್ಲಿಂದ ಬಹಳ ದೂರ ಪೂರ್ವಕ್ಕಿದೆ.

ಎಂಟು ಮಕ್ಕಳಲ್ಲಿ ಅವರೇ ಕೊನೆಯವರು. ಅಣ್ಣ ಬರ್ಚ್ ಪಿಟೀಲನ್ನೂ ಇನ್ನೊಬ್ಬ ಅಣ್ಣ ಚಾರ್ಲಿ ಗಿಟಾರನ್ನೂ ಮೊದಲೇ ಹಿಡಿದುಕೊಂಡಿದ್ದರಿಂದ ಕಿರಿಯನಿಗೆ ಉಳಿದದ್ದು ಮ್ಯಾಂಡೊಲಿನ್. ಅದರ ಸದ್ದು ಜೋರಾಗಬಾರದೆಂದು ಎಂಟು ತಂತಿಗಳಲ್ಲಿ ನಾಲ್ಕನ್ನು ತೆಗೆದು ನುಡಿಸುವಂತೆ ಅಣ್ಣಂದಿರು ಹೇಳಿದ್ದರೆಂಬ ಮಾತೂ ಪ್ರಚಲಿತವಾಗಿದೆ. ಯಾರಿಗೂ ಬೇಡವಾದ ವಾದ್ಯವನ್ನು ತಂಡದ ಚುಕ್ಕಾಣಿಯನ್ನಾಗಿ ಮಾಡಿಕೊಂಡವರ ಹಟವನ್ನು ಆಮೇಲಿನ ಧ್ವನಿಮುದ್ರಣಗಳಲ್ಲಿ ಅವರ ಕೈಯ ಬಿರುಸಿನಿಂದಲೇ ಊಹಿಸಬಹುದು.

ಮನ್ರೋ ಅವರ ಸಂಗೀತಕ್ಕೆ ಹಲವು ಬೇರುಗಳಿದ್ದವು. ತಾಯಿ ಹಳೆಯ ಹಾಡುಗಳನ್ನು ಹಾಡುತ್ತಿದ್ದರು, ಪಿಟೀಲನ್ನೂ ನುಡಿಸುತ್ತಿದ್ದರು. ಆದರೆ ಮಗನಿಗೆ ಹತ್ತು ವರ್ಷವಾಗಿದ್ದಾಗಲೇ ತೀರಿಕೊಂಡರು. ಹದಿನಾರನೆಯ ವಯಸ್ಸಿನಲ್ಲಿ ತಂದೆಯೂ ಹೋದ ಮೇಲೆ ಹುಡುಗನಿಗೆ ಆಸರೆಯಾದವರು ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್. ಅವರು ಸುತ್ತಲಿನ ಕುಣಿತದ ಕೂಟಗಳಿಗೆ ಪಿಟೀಲು ನುಡಿಸುತ್ತಿದ್ದರು, ಅಳಿಯ ಗಿಟಾರ್ ಹಿಡಿದು ಜೊತೆಗೆ ಹೋಗುತ್ತಿದ್ದ. ಕುಣಿಯುವವರ ಹೆಜ್ಜೆ ತಪ್ಪದಂತೆ ಲಯ ಹಿಡಿಯುವುದೇ ಅಲ್ಲಿನ ಮೊದಲ ಪಾಠ. ಅದೇ ಪ್ರದೇಶದಲ್ಲಿ ಆರ್ನಲ್ಡ್ ಶುಲ್ಟ್ಸ್ ಎಂಬ ಕರಿಯ ಸಂಗೀತಗಾರರಿದ್ದರು. ಅವರ ಗಿಟಾರ್ ಮತ್ತು ಪಿಟೀಲಿನಲ್ಲಿ ಬ್ಲೂಸ್ ಎಂಬ ಕರಿಯ ಅಮೆರಿಕನ್ನರ ಸಂಗೀತ ತುಂಬಿತ್ತು. ಅವರೊಂದಿಗೆ ಕುಣಿತಗಳಿಗೆ ನುಡಿಸಿದ್ದನ್ನು ಮನ್ರೋ ಕೊನೆಯವರೆಗೂ ಗೌರವದಿಂದ ನೆನೆಯುತ್ತಿದ್ದರು. ಇವುಗಳ ಜೊತೆಗೆ ಚರ್ಚಿನ ಹಾಡುಗಾರಿಕೆ ಬೇರೆ. ಕಣ್ಣಿನ ದೃಷ್ಟಿ ಮಂದವಾಗಿದ್ದ ಹುಡುಗ ಎಲ್ಲವನ್ನೂ ಕಿವಿಯಿಂದಲೇ ಕಲಿತನೆಂಬುದನ್ನು ಇಲ್ಲಿ ಸೇರಿಸಿಕೊಳ್ಳಬೇಕು. ಆಮೇಲೆ ಇಂಡಿಯಾನಾದ ತೈಲ ಸಂಸ್ಕರಣಾಗಾರದಲ್ಲಿ ದುಡಿಮೆ, 1934ರಿಂದ 1938ರವರೆಗೆ ಅಣ್ಣ ಚಾರ್ಲಿಯೊಡನೆ ಜೋಡಿಗಾಯನ, 1939ರ ಅಕ್ಟೋಬರಿನಲ್ಲಿ ಸ್ವಂತ ತಂಡದೊಂದಿಗೆ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೊ ಕಾರ್ಯಕ್ರಮಕ್ಕೆ ಪ್ರವೇಶ.

ಬ್ಯಾಂಜೊ ನುಡಿಸುತ್ತಿದ್ದ ಅರ್ಲ್ ಸ್ಕ್ರಗ್ಸ್ ಬಂದದ್ದು ಉತ್ತರ ಕ್ಯಾರೊಲೈನಾದ ಶೆಲ್ಬಿ ಬಳಿಯ ಫ್ಲಿಂಟ್ ಹಿಲ್‌ನಿಂದ. ಅವರು 1924ರಲ್ಲಿ ಹುಟ್ಟಿದರು. ಬ್ಯಾಂಜೊ ನುಡಿಸುತ್ತಿದ್ದ ತಂದೆ ಮಗ ನಾಲ್ಕು ವರ್ಷದವನಿದ್ದಾಗಲೇ ತೀರಿಕೊಂಡರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರರಿಂದ ಬ್ಯಾಂಜೊ ಮೀಟುವ ಕ್ರಮವನ್ನು ಸ್ಕ್ರಗ್ಸ್ ಅವರೇ ಕಂಡುಹಿಡಿದರೆಂದು ಅನೇಕರು ಬರೆಯುತ್ತಾರೆ, ಆದರೆ ಅದು ಪೂರ್ತಿ ನಿಜವಲ್ಲ. ಆ ಸೀಮೆಯಲ್ಲಿ ಸ್ಮಿತ್ ಹ್ಯಾಮೆಟ್, ಸ್ನಫಿ ಜೆಂಕಿನ್ಸ್ ಮೊದಲಾದವರು ಆಗಲೇ ಮೂರು ಬೆರಳುಗಳಿಂದ ನುಡಿಸುತ್ತಿದ್ದರು, ಜೆಂಕಿನ್ಸ್ ಅವರಂತೂ ರೇಡಿಯೊದಲ್ಲಿ ಕೇಳಿಬರುತ್ತಿದ್ದರು. ಸ್ಕ್ರಗ್ಸ್ ಮಾಡಿದ್ದು ಬೇರೆ: ಬೆರಳಿಗೆ ಹಾಕಿಕೊಂಡ ಪಿಕ್‌ಗಳಿಂದ ಎಡೆಬಿಡದೆ ಉರುಳುವ ಎಂಟೆಂಟು ಸ್ವರಗಳ ಸುತ್ತಿನೊಳಗೆ ಹಾಡಿನ ಧಾಟಿಯ ಸ್ವರ ಯಾವುದೋ ಅದನ್ನು ಮಾತ್ರ ಒತ್ತಿ ಎತ್ತಿ ತೋರಿಸಿದರು, ಹೀಗಾಗಿ ಎಷ್ಟೇ ವೇಗದಲ್ಲಿಯೂ ಹಾಡು ಕಳೆದುಹೋಗುವುದಿಲ್ಲ. ಯುದ್ಧದ ವರ್ಷಗಳಲ್ಲಿ ಅವರು ಶೆಲ್ಬಿಯ ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದರು. 1945ರ ಕೊನೆಯಲ್ಲಿ ಮನ್ರೋ ತಂಡಕ್ಕೆ ಸೇರಿದರು.

ಅವರಿಗಿಂತ ಮೊದಲು ಆ ತಂಡದಲ್ಲಿ ಬ್ಯಾಂಜೊ ನುಡಿಸುತ್ತಿದ್ದವರು ‘ಸ್ಟ್ರಿಂಗ್‌ಬೀನ್’ ಎಂಬ ಹೆಸರಿನ ಹಾಸ್ಯಗಾರ ಡೇವಿಡ್ ಏಕ್‌ಮನ್. ಅವರ ಹಳೆಯ ಕಾಲದ ಮೀಟಿಗೆ ತಂಡದ ವೇಗ ಹೊಂದುತ್ತಿರಲಿಲ್ಲ. ಹೀಗಾಗಿ ಗಿಟಾರ್ ನುಡಿಸುತ್ತ ಮುಖ್ಯ ಗಾಯಕರೂ ಆಗಿದ್ದ ಲೆಸ್ಟರ್ ಫ್ಲಾಟ್ ಅವರಿಗೆ ಇನ್ನೊಂದು ಬ್ಯಾಂಜೊ ಬರುತ್ತದೆಂದರೆ ಉತ್ಸಾಹವೇ ಇರಲಿಲ್ಲವಂತೆ, ಸ್ಕ್ರಗ್ಸ್ ನುಡಿಸುವವರೆಗೆ.

ಫ್ಲಾಟ್ 1914ರಲ್ಲಿ ಟೆನೆಸಿಯ ಓವರ್‌ಟನ್ ಕೌಂಟಿಯಲ್ಲಿ ಹುಟ್ಟಿದವರು, ಅವರೂ ಜವಳಿ ಗಿರಣಿಯಲ್ಲಿ ದುಡಿದವರು. ಮನ್ರೋ ಅವರ ಅಣ್ಣ ಚಾರ್ಲಿಯ ತಂಡದಲ್ಲಿ ಅವರು ಮ್ಯಾಂಡೊಲಿನ್ ನುಡಿಸುತ್ತ ಮೇಲಿನ ಟೆನರ್ ಧ್ವನಿಯಲ್ಲಿ ಹಾಡುತ್ತಿದ್ದರು. ತಮ್ಮನ ತಂಡದಲ್ಲಿ ಆ ಎರಡೂ ಜಾಗಗಳನ್ನು ಯಜಮಾನರೇ ಹಿಡಿದಿದ್ದರಿಂದ ಫ್ಲಾಟ್ ಗಿಟಾರಿಗೂ ಕೆಳಗಿನ ಮುಖ್ಯ ಧ್ವನಿಗೂ ಬಂದರು. ಅವರ ಮೆದುವಾದ, ಆತುರವಿಲ್ಲದ ಕಂಠಕ್ಕೆ ಮನ್ರೋ ಅವರ ಚೂಪಾದ ತಾರಸ್ವರ ಮೇಲಿಂದ ತಾಗುವಾಗ ಆಗುವ ಘರ್ಷಣೆಯೇ ಆ ತಂಡದ ಗಾಯನದ ಜೀವವೆಂದು ನನ್ನ ಅಭಿಪ್ರಾಯ. ಸಾಲಿನ ಕೊನೆಯಲ್ಲಿ ಗಿಟಾರಿನ ಕೆಳತಂತಿಗಳಿಂದ ಜಿ ಸ್ವರಕ್ಕೆ ಓಡುವ ಆ ಸಣ್ಣ ಮುಕ್ತಾಯವನ್ನು ಇಂದಿಗೂ ‘ಲೆಸ್ಟರ್ ಫ್ಲಾಟ್ ಜಿ ರನ್’ ಎಂದೇ ಕರೆಯುತ್ತಾರೆ.

ಪಿಟೀಲಿನ ಚಬ್ಬಿ ವೈಸ್ ಫ್ಲಾರಿಡಾದವರು, ಬೆಟ್ಟಕ್ಕೂ ಅವರಿಗೂ ಸಂಬಂಧವಿಲ್ಲ. ಜ್ಯಾಕ್ಸನ್‌ವಿಲ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಲೇ ಕುಣಿತದ ಸಭಾಂಗಣಗಳಲ್ಲಿ ನುಡಿಸುತ್ತಿದ್ದವರು ಅವರು. ಸ್ವಿಂಗ್ ಎಂಬ ಜಾಝ್ ಕುಣಿತ ಸಂಗೀತದ ಜಾರುಗತಿಯೂ ಉದ್ದನೆಯ ಕಮಾನಿನ ಎಳೆತವೂ ಅವರಿಗೆ ಅಲ್ಲಿಂದ ಬಂದದ್ದು. 1946ರಲ್ಲಿ ಧ್ವನಿಮುದ್ರಣವಾದ ‘ಬ್ಲೂ ಮೂನ್ ಆಫ್ ಕೆಂಟಕಿ’ ಹಾಡು ಮೂರು ಮಾತ್ರೆಯ ನಿಧಾನ ನಡೆಯಲ್ಲಿದೆ. ಅದರಲ್ಲಿ ಪಿಟೀಲು ಸ್ವರದಿಂದ ಸ್ವರಕ್ಕೆ ಹಾಯುವ ಬಗೆಯನ್ನು ಕೇಳಿದರೆ ಇದು ಹಳ್ಳಿಯ ಕುಣಿತಕ್ಕೆ ನುಡಿಸಿದ ಕೈಯಲ್ಲ, ಪಟ್ಟಣದ ಕುಣಿತಕ್ಕೆ ನುಡಿಸಿದ ಕೈ ಎಂದು ತಿಳಿಯುತ್ತದೆ. ಬಾಸ್ ನುಡಿಸುತ್ತಿದ್ದ ಹೊವರ್ಡ್ ವಾಟ್ಸ್ ಕೂಡ ಫ್ಲಾರಿಡಾದವರೇ, ವೇದಿಕೆಯಲ್ಲಿ ಅವರ ಹೆಸರು ‘ಸೆಡ್ರಿಕ್ ರೇನ್‌ವಾಟರ್’.

ಒಟ್ಟಿನಲ್ಲಿ ಪಶ್ಚಿಮ ಕೆಂಟಕಿಯ ಕುಣಿತ ಮತ್ತು ಬ್ಲೂಸ್, ಕ್ಯಾರೊಲೈನಾದ ಮೂರು ಬೆರಳಿನ ಮೀಟು, ಟೆನೆಸಿಯ ಜೋಡಿಗಾಯನ, ಫ್ಲಾರಿಡಾದ ಸ್ವಿಂಗ್ ಇವು ನ್ಯಾಶ್‌ವಿಲ್‌ನ ಒಂದು ರೇಡಿಯೊ ಕಾರ್ಯಕ್ರಮದ ಸಲುವಾಗಿ ಒಂದೇ ಕಾರಿನಲ್ಲಿ ಊರೂರು ಅಲೆದವು. ತಾನಾಗಿ ಬೆಳೆದದ್ದಲ್ಲ ಅದು. ಒಬ್ಬ ಹಟಮಾರಿ ಯಜಮಾನ ಆರಿಸಿ ಆರಿಸಿ ಕಟ್ಟಿದ್ದು.

ನಾದಬಿಂದು

ಗಾನತಟ್ಟೆ ಅವರಿಗೆ ಧನ್ಯವಾದಗಳು. ಫ್ಲಾಟ್ ಅವರು ಮೊದಲು ಮ್ಯಾಂಡೊಲಿನ್ ನುಡಿಸುತ್ತಿದ್ದರೆಂಬುದು ನನಗೆ ಹೊಸ ವಿಷಯ. ಆರ್ನಲ್ಡ್ ಶುಲ್ಟ್ಸ್ ಅವರ ಬಗ್ಗೆ ಇನ್ನಷ್ಟು ತಿಳಿಯಬೇಕೆನಿಸುತ್ತಿದೆ. ಅಲ್ಲದೆ ಚರ್ಚಿನ ಹಾಡುಗಾರಿಕೆಯನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟಿರಿ. ಅದರ ಪಾಲು ಅಷ್ಟು ಸಣ್ಣದೇ?

ಉತ್ತರ: ಮೇಳಸ್ವರ

ಸಣ್ಣದಲ್ಲ. ಗಾನತಟ್ಟೆ ಅವರ ವಿವರಣೆಯನ್ನು ನಾನು ಒಪ್ಪುತ್ತೇನೆ, ಆದರೆ ವಾದ್ಯಗಳನ್ನು ಕಂಡ ಕೂಡಲೇ ನಾವೆಲ್ಲ ಗಾಯನವನ್ನು ಮರೆಯುವ ಅಭ್ಯಾಸ ಅವರಲ್ಲಿಯೂ ಇದೆ. ಬ್ಲೂಗ್ರಾಸ್ ತಂಡದಲ್ಲಿ ನುಡಿಸುವ ಕೈಗಳಷ್ಟೇ ಮುಖ್ಯವಾದದ್ದು ಒಂದೇ ಮೈಕಿನ ಮುಂದೆ ತಲೆ ಸೇರಿಸಿ ಹಾಡುವ ಮೂರು ನಾಲ್ಕು ಕಂಠಗಳು. ಮುಖ್ಯ ಧ್ವನಿ ನಡುವೆ, ಅದರ ಮೇಲೆ ಟೆನರ್, ಕೆಳಗೆ ಬ್ಯಾರಿಟೋನ್; ಭಕ್ತಿಗೀತೆಯಾದರೆ ಎಲ್ಲಕ್ಕೂ ಕೆಳಗೆ ಬಾಸ್ ಧ್ವನಿ ಸೇರಿ ನಾಲ್ಕಾಗುತ್ತದೆ. ಈ ಜೋಡಣೆಯನ್ನು ಅವರಲ್ಲಿ ಬಹಳಷ್ಟು ಜನ ಕಲಿತದ್ದು ದಕ್ಷಿಣದ ಹಳ್ಳಿಗಳಿಗೆ ಬರುತ್ತಿದ್ದ ಸಂಚಾರಿ ಹಾಡುಶಾಲೆಗಳ ಮೂಲಕ. ಅಲ್ಲಿ ಸ್ವರಲಿಪಿಯ ಒಂದೊಂದು ಸ್ವರಕ್ಕೂ ತ್ರಿಕೋನ, ಚೌಕ, ವೃತ್ತದಂಥ ಬೇರೆ ಬೇರೆ ಆಕಾರ ಕೊಟ್ಟು, ಓದು ಬರಹ ಹೆಚ್ಚು ಇಲ್ಲದವರೂ ನಾಲ್ಕು ಧ್ವನಿಗಳಲ್ಲಿ ಹಾಡುವಂತೆ ಮಾಡುತ್ತಿದ್ದರು. ರೋಸಿನ್‌ಗೂ ಇಂಥ ಶಾಲೆಗಳು ಬರುತ್ತಿದ್ದವು. ಮಂದದೃಷ್ಟಿಯ ಮನ್ರೋ ಅವರಿಗೆ ಪುಸ್ತಕ ನೋಡಿ ಹಾಡುವುದು ಕಷ್ಟವಾದದ್ದರಿಂದ ಆ ಜೋಡಣೆಯೂ ಕಿವಿಯ ಮೂಲಕವೇ ಒಳಗಿಳಿಯಿತು.

ವರ್ಜೀನಿಯಾದ ನೈಋತ್ಯ ಮೂಲೆಯಲ್ಲಿರುವ ಡಿಕನ್ಸನ್ ಕೌಂಟಿಯ ಸ್ಟ್ಯಾನ್ಲಿ ಸಹೋದರರಾದ ಕಾರ್ಟರ್ ಮತ್ತು ರಾಲ್ಫ್ ಅವರ ಹಿನ್ನೆಲೆ ಇನ್ನೂ ಬೇರೆ. ಅವರನ್ನು ಬೆಟ್ಟದವರೆಂದು ಧಾರಾಳವಾಗಿ ಕರೆಯಬಹುದು. ಅವರು ಬೆಳೆದದ್ದು ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ವಾತಾವರಣದಲ್ಲಿ. ಆ ಚರ್ಚುಗಳೊಳಗೆ ವಾದ್ಯಗಳಿಗೆ ಪ್ರವೇಶವೇ ಇಲ್ಲ. ಒಬ್ಬರು ಸಾಲನ್ನು ಎತ್ತಿಕೊಡುತ್ತಾರೆ, ಸಭೆಯವರೆಲ್ಲ ಅದನ್ನು ಎಳೆದೆಳೆದು ಹಾಡುತ್ತಾರೆ. ಮನೆಯಲ್ಲಿ ಮಾತ್ರ ತಾಯಿ ಲೂಸಿ ಬೆರಳಿನ ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುವ ಹಳೆಯ ಕ್ಲಾಹ್ಯಾಮರ್ ಕ್ರಮದಲ್ಲಿ ಬ್ಯಾಂಜೊ ನುಡಿಸುತ್ತಿದ್ದರು, ರಾಲ್ಫ್ ಮೊದಲು ಕಲಿತದ್ದು ಅವರಿಂದಲೇ. ಆಮೇಲೆ ಮೂರು ಬೆರಳಿನ ಮೀಟಿಗೆ ತಿರುಗಿಕೊಂಡರು. 2000ದಲ್ಲಿ ಬಂದ ಒಂದು ಚಲನಚಿತ್ರಕ್ಕಾಗಿ ಅವರು ‘ಓ ಡೆತ್’ ಹಾಡನ್ನು ವಾದ್ಯಗಳಿಲ್ಲದೆ ಬರಿಯ ಕಂಠದಿಂದ ಹಾಡಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಎಪ್ಪತ್ತು ದಾಟಿದ ಆ ಧ್ವನಿಯಲ್ಲಿ ಕೇಳುವುದು ಬ್ಲೂಗ್ರಾಸ್‌ಗಿಂತ ಹಿಂದಿನದು, ಆ ಚರ್ಚಿನದು. ಆ ಸಭೆಯ ಗಾಯನದಲ್ಲಿ ಸ್ವರದ ಅಂಚುಗಳನ್ನು ನಯ ಮಾಡುವ ಪದ್ಧತಿಯಿಲ್ಲ, ಅಲಂಕಾರವೆಲ್ಲ ಗಂಟಲಿನ ಸಣ್ಣ ತಿರುವುಗಳಲ್ಲಿರುತ್ತದೆ.

ಇನ್ನು ಶುಲ್ಟ್ಸ್ ಅವರ ವಿಚಾರ. ಅವರು 1886ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡರು. ಅವರ ಒಂದೇ ಒಂದು ಧ್ವನಿಮುದ್ರಣವೂ ಉಳಿದಿಲ್ಲ, ಆದ್ದರಿಂದ ಅವರ ಪ್ರಭಾವವನ್ನು ಬೇರೆಯವರ ಕೈಯಲ್ಲಿಯೇ ಹುಡುಕಬೇಕು. ಮನ್ರೋ ಅವರ ಮ್ಯಾಂಡೊಲಿನ್‌ನಲ್ಲಿ ಮೂರನೆಯ ಮತ್ತು ಏಳನೆಯ ಸ್ವರಗಳು ತುಸು ಕೆಳಗೆ ಬಾಗುವ ಕಡೆಗಳಲ್ಲಿ, ತಾಳದ ಪೆಟ್ಟಿಗಿಂತ ಸ್ವಲ್ಪ ಹಿಂದೆ ಮುಂದೆ ಬೀಳುವ ಮೀಟುಗಳಲ್ಲಿ ಅದು ಕಾಣುತ್ತದೆ. ಬ್ಯಾಂಜೊ ವಾದ್ಯವೇ ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದವರ ಸೋರೆಬುರುಡೆಯ ತಂತಿವಾದ್ಯಗಳ ಸಂತತಿ. ಮನ್ರೋ ಅವರ ತಂಡದ ಐದು ಜನ ಬಿಳಿಯರು ಟೈ ಕಟ್ಟಿ ನಿಂತಿರುವ ಹಳೆಯ ಚಿತ್ರವನ್ನು ನೋಡುವಾಗ, ಚಿತ್ರದಲ್ಲಿಲ್ಲದ ಈ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಾದಬಿಂದು ಅವರ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಕ್ಕಂತಾಗುತ್ತದೆ.

ಉತ್ತರ: ಐದನೇತಂತಿ

ಹಳೆಯ ತಂಡ ಮತ್ತು ಇಂದಿನ ತಂಡ ಎಂಬ ಎರಡು ತುದಿಗಳ ನಡುವೆ ಒಂದು ಕಾಲವಿದೆ. ಅದನ್ನು ಹೇಳದಿದ್ದರೆ ಸಂಗೀತ ಶಾಲೆಗಳಿಂದ ಬಂದವರು ಈಚೆಗೆ ಒಮ್ಮೆಲೇ ನುಗ್ಗಿದರೆಂಬ ತಪ್ಪು ತಿಳಿವಳಿಕೆ ಉಳಿದುಬಿಡುತ್ತದೆ. ಅವರನ್ನು ಒಳಗೆ ಬಿಟ್ಟವರು ಸ್ವತಃ ಮನ್ರೋ ಅವರೇ, ಅದೂ 1960ರ ದಶಕದಲ್ಲಿ.

1963ರಲ್ಲಿ ಅವರ ತಂಡಕ್ಕೆ ಬ್ಯಾಂಜೊ ನುಡಿಸಲು ಬಂದವರು ಬಿಲ್ ಕೀತ್. ಹುಟ್ಟಿದ್ದು ಬಾಸ್ಟನ್‌ನಲ್ಲಿ, ಓದಿದ್ದು ಆಮ್ಹರ್ಸ್ಟ್ ಕಾಲೇಜಿನಲ್ಲಿ. ಅವರು ಮೊದಲು ಕೈಗೆತ್ತಿಕೊಂಡದ್ದು ಐದು ತಂತಿಯ ಬ್ಯಾಂಜೊ ಅಲ್ಲ, ಡಿಕ್ಸಿಲ್ಯಾಂಡ್ ಜಾಝ್‌ನಲ್ಲಿ ಬಳಸುವ ನಾಲ್ಕು ತಂತಿಯ ಟೆನರ್ ಬ್ಯಾಂಜೊ. ಸ್ಕ್ರಗ್ಸ್ ಕ್ರಮದಲ್ಲಿ ಧಾಟಿಯ ಸ್ವರಗಳು ಉರುಳುವ ಸುತ್ತಿನ ನಡುವೆ ಆಗಾಗ ತಲೆಯೆತ್ತುತ್ತವೆ. ಪಿಟೀಲಿನ ಕುಣಿತದ ಮಟ್ಟುಗಳಲ್ಲಿ ಸ್ವರಗಳು ಒತ್ತೊತ್ತಾಗಿ ಬರುವುದರಿಂದ ಆ ಕ್ರಮದಲ್ಲಿ ಅವುಗಳ ಸಾರವನ್ನಷ್ಟೇ ಹೇಳಬಹುದು, ಒಂದೊಂದು ಸ್ವರವನ್ನೂ ಹೇಳಲಾಗದು. ಕೀತ್ ಒಂದು ಸ್ವರವನ್ನು ಒಂದು ತಂತಿಯಲ್ಲಿ, ಅದರ ಮುಂದಿನ ಸ್ವರವನ್ನು ಬೇರೊಂದು ತಂತಿಯಲ್ಲಿ ಹುಡುಕಿ ಇಡುತ್ತ, ಇಡೀ ಮಟ್ಟನ್ನು ಪಿಟೀಲಿನವರು ನುಡಿಸಿದಂತೆಯೇ ಬ್ಯಾಂಜೊದಲ್ಲಿ ತಂದರು. ಇದಕ್ಕೆ ಈಗ ಮೆಲೋಡಿಕ್ ಶೈಲಿಯೆಂದು ಹೆಸರು. ಸ್ವರಶ್ರೇಣಿಯ ಮೆಟ್ಟಿಲುಗಳನ್ನು ಲೆಕ್ಕವಿಟ್ಟು ನೋಡುವ ಬುದ್ಧಿ ಅವರಿಗೆ ಎಲ್ಲಿಂದ ಬಂದಿತೆಂಬುದನ್ನು ಅವರ ಹಿನ್ನೆಲೆ ತಿಳಿದವರಿಗೆ ಹೇಳಬೇಕಾಗಿಲ್ಲ. ಒಂದು ತಮಾಷೆಯ ಸಂಗತಿಯೂ ಇದೆ: ತಂಡದಲ್ಲಿ ಇಬ್ಬರು ಬಿಲ್‌ಗಳು ಇರಕೂಡದೆಂದು ಮನ್ರೋ ಅವರು ಕೀತ್ ಅವರ ನಡುಹೆಸರು ಬ್ರ್ಯಾಡ್‌ಫರ್ಡ್ ಎಂಬುದನ್ನು ಹಿಡಿದು ಅವರನ್ನು ‘ಬ್ರ್ಯಾಡ್’ ಎಂದೇ ಕರೆಯುತ್ತಿದ್ದರು.

ಸ್ವಲ್ಪ ಕಾಲಾನಂತರ ಗಿಟಾರಿಗೂ ಗಾಯನಕ್ಕೂ ಪೀಟರ್ ರೋವನ್ ಬಂದರು, ಅವರೂ ಮ್ಯಾಸಚೂಸೆಟ್ಸ್‌ನವರು. ಪಿಟೀಲಿಗೆ ಬಂದ ರಿಚರ್ಡ್ ಗ್ರೀನ್ ಲಾಸ್ ಏಂಜಲೀಸ್‌ನಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದವರು. ಇದೇ ಯಜಮಾನರ ಬಳಿ ಬಹಳ ವರ್ಷ ಪಿಟೀಲು ನುಡಿಸಿದ ಕೆನಿ ಬೇಕರ್ ಪೂರ್ವ ಕೆಂಟಕಿಯ ಜೆಂಕಿನ್ಸ್ ಊರಿನ ಕಲ್ಲಿದ್ದಲು ಗಣಿಯ ಕೆಲಸಗಾರರು. ಗಣಿ ಕೆಲಸಗಾರರೆಂದ ಕೂಡಲೇ ಅವರ ಕಿವಿಯಲ್ಲಿ ಹಳ್ಳಿಯ ಮಟ್ಟುಗಳು ಮಾತ್ರ ಇದ್ದವೆಂದು ಭಾವಿಸುವಂತಿಲ್ಲ. ಅವರಿಗೆ ಬಹಳ ಪ್ರಿಯರಾಗಿದ್ದವರಲ್ಲಿ ಫ್ರಾನ್ಸಿನ ಜಾಝ್ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲಿ ಒಬ್ಬರು. ಗಣಿಯವರ ಕಮಾನಿನಲ್ಲಿ ಪ್ಯಾರಿಸ್ಸಿನ ಜಾಝ್, ಕಾಲೇಜು ಹುಡುಗನ ಬ್ಯಾಂಜೊದಲ್ಲಿ ಹಳ್ಳಿಯ ಕುಣಿತ: ಹಿನ್ನೆಲೆಗೂ ನುಡಿಸಾಣಿಕೆಗೂ ನೇರ ಗೆರೆ ಎಳೆಯುವವರು ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಸಂಗೀತವನ್ನೇ ಜೀವನೋಪಾಯ ಮಾಡಿಕೊಳ್ಳದವರ ತಂಡವೂ ಒಂದಿತ್ತು. 1971ರಲ್ಲಿ ವಾಷಿಂಗ್ಟನ್ ನಗರದ ಹೊರವಲಯದಲ್ಲಿ ಆರಂಭವಾದ ‘ಸೆಲ್ಡಮ್ ಸೀನ್’ ತಂಡದಲ್ಲಿ ಗಾಯಕ ಜಾನ್ ಸ್ಟಾರ್ಲಿಂಗ್ ವೈದ್ಯರು, ಬ್ಯಾಂಜೊದ ಬೆನ್ ಎಲ್ಡ್ರಿಜ್ ಗಣಿತಜ್ಞರು, ಡೋಬ್ರೊ (ಅಡ್ಡವಾಗಿ ಹಿಡಿದು ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಗಿಟಾರ್) ನುಡಿಸುತ್ತಿದ್ದ ಮೈಕ್ ಆಲ್ಡ್ರಿಜ್ ಪತ್ರಿಕೆಯೊಂದರ ಚಿತ್ರವಿನ್ಯಾಸಕರು, ಬಾಸ್‌ನ ಟಾಮ್ ಗ್ರೇ ‘ನ್ಯಾಷನಲ್ ಜಿಯಾಗ್ರಫಿಕ್’ ಸಂಸ್ಥೆಯ ನಕ್ಷೆಗಾರರು. ಮ್ಯಾಂಡೊಲಿನ್ ನುಡಿಸುತ್ತಿದ್ದ ಜಾನ್ ಡಫಿ ವಾದ್ಯಗಳನ್ನು ದುರಸ್ತಿ ಮಾಡುತ್ತಿದ್ದರು. ಅವರ ತಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾಡಿದವರು. ಡಫಿ ಅವರ ಎತ್ತರದ, ಚಾಚಿ ನಿಲ್ಲುವ ಟೆನರ್ ಧ್ವನಿಯನ್ನು ಕೇಳುವಾಗ ನನಗೆ ಆ ತಂದೆಯ ನೆನಪು ಬಾರದೆ ಇರುವುದಿಲ್ಲ. ವಾರಕ್ಕೊಂದು ರಾತ್ರಿ ಒಂದೇ ಸ್ಥಳದಲ್ಲಿ ನುಡಿಸಿ ಮರುದಿನ ಕೆಲಸಕ್ಕೆ ಹೋಗುತ್ತಿದ್ದ ಈ ಜನ ಬ್ಲೂಗ್ರಾಸ್‌ಗೆ ನಗರದ ಕೇಳುಗರನ್ನು ತಂದುಕೊಟ್ಟರು.

ಉತ್ತರ: ಕಮಾನು

ಶಾಸ್ತ್ರೀಯ ಶಿಕ್ಷಣದ ಪ್ರಶ್ನೆಗೆ ಯಾರೂ ಇನ್ನೂ ನೇರವಾಗಿ ಉತ್ತರಿಸಿಲ್ಲವಾದ್ದರಿಂದ ಪಿಟೀಲಿನ ಕಡೆಯಿಂದ ನಾಲ್ಕು ಮಾತು ಬರೆಯುತ್ತೇನೆ. ಪಾಶ್ಚಾತ್ಯ ಶಾಸ್ತ್ರೀಯ ಕ್ರಮದಲ್ಲಿ ಪಳಗಿದ ಕೈ ಬ್ಲೂಗ್ರಾಸ್‌ಗೆ ಬಂದಾಗ ಎಡಗೈಗೆ ತೊಂದರೆಯಿಲ್ಲ. ಶ್ರುತಿ ಶುದ್ಧವಾಗಿರುತ್ತದೆ, ಮೇಲಿನ ಸ್ಥಾಯಿಗೆ ಹೋಗಲು ಅಂಜಿಕೆಯಿರುವುದಿಲ್ಲ. ಕಷ್ಟವಿರುವುದು ಬಲಗೈಯಲ್ಲಿ. ಶಾಸ್ತ್ರೀಯದಲ್ಲಿ ಕಮಾನು ಯಾವಾಗ ತಿರುಗಿತೆಂದು ಕೇಳುಗರಿಗೆ ತಿಳಿಯದಂತೆ ನುಡಿಸುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಇಲ್ಲಿ ಅದು ತಿಳಿಯಬೇಕು: ಒಂದು ಉದ್ದ ಎರಡು ಗಿಡ್ಡ ಎಂಬಂತೆ ಕಮಾನು ತಿರುಗುವ ಪೆಟ್ಟಿನಲ್ಲಿಯೇ ಕುಣಿತದ ಲಯ ಇರುತ್ತದೆ. ಅದು ಬಾರದವರು ಎಲ್ಲ ಸ್ವರಗಳನ್ನೂ ಸರಿಯಾಗಿ ನುಡಿಸಿದರೂ ಮಟ್ಟು ಎದ್ದು ನಿಲ್ಲುವುದಿಲ್ಲ. ಎಲ್ಲ ಸ್ವರದ ಮೇಲೂ ಒಂದೇ ಸಮನಾಗಿ ವೈಬ್ರಾಟೊ ಎಂಬ ಸ್ವರಕಂಪನ ಹಾಕುವ ಅಭ್ಯಾಸವನ್ನೂ ಬಿಡಬೇಕಾಗುತ್ತದೆ.

ಈ ತೊಡಕನ್ನು ಚಿಕ್ಕ ವಯಸ್ಸಿನಲ್ಲೇ ದಾಟಿದವರಿಗೆ ಆಲಿಸನ್ ಕ್ರೌಸ್ ಒಳ್ಳೆಯ ಉದಾಹರಣೆ. ಇಲಿನಾಯ್ ರಾಜ್ಯದ ಶ್ಯಾಂಪೇನ್‌ನಲ್ಲಿ ಬೆಳೆದ ಅವರು ಐದನೆಯ ವಯಸ್ಸಿನಲ್ಲಿ ಶಾಸ್ತ್ರೀಯ ಪಿಟೀಲಿನ ಪಾಠ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಕುಣಿತದ ಮಟ್ಟುಗಳ ಸ್ಪರ್ಧೆಗಳಿಗೆ ಹೋಗತೊಡಗಿದರು. ಅವರ ‘ಯೂನಿಯನ್ ಸ್ಟೇಷನ್’ ತಂಡದಲ್ಲಿ ಡೋಬ್ರೊ ನುಡಿಸಿದ ಜೆರಿ ಡಗ್ಲಸ್ ಒಹಾಯೊದ ಉಕ್ಕಿನ ಕಾರ್ಖಾನೆಯ ಕೆಲಸಗಾರರ ಮಗ. ತಂದೆಗೆ ಸ್ವಂತ ಬ್ಲೂಗ್ರಾಸ್ ತಂಡವಿತ್ತು, ಮಗ ಹುಡುಗನಾಗಿದ್ದಾಗಲೇ ಅದರಲ್ಲಿ ನುಡಿಸಿದ. ಬಾಸ್‌ನ ಬ್ಯಾರಿ ಬೇಲ್ಸ್ ಟೆನೆಸಿಯವರು.

ಬೆಲಾ ಫ್ಲೆಕ್ ಅವರ ಕಥೆಯನ್ನಂತೂ ಎಲ್ಲ ಸಂಗೀತ ಶಾಲೆಗಳ ಬಾಗಿಲಿಗೆ ಅಂಟಿಸಬೇಕು. ನ್ಯೂಯಾರ್ಕಿನಲ್ಲಿ ಸಂಗೀತ ಮತ್ತು ಕಲೆಗೆ ಮೀಸಲಾದ ಪ್ರೌಢಶಾಲೆಗೆ ಅವರು ಸೇರಿದಾಗ ಬ್ಯಾಂಜೊ ಅಲ್ಲಿ ಕಲಿಸುವ ವಾದ್ಯವಾಗಿರಲಿಲ್ಲ, ಹಾಗಾಗಿ ಅವರಿಗೆ ಫ್ರೆಂಚ್ ಹಾರ್ನ್ ಕೊಟ್ಟು ಕೂರಿಸಿದರು. ಬ್ಯಾಂಜೊವನ್ನು ಅವರು ಶಾಲೆಯ ಹೊರಗೆ ಕಲಿತರು. ಮುಂದೆ 1981ರಲ್ಲಿ ಸೇರಿದ ‘ನ್ಯೂ ಗ್ರಾಸ್ ರಿವೈವಲ್’ ತಂಡದಲ್ಲಿ ಅವರ ಪಕ್ಕದಲ್ಲಿ ನಿಂತವರು ಕೆಂಟಕಿಯ ಸ್ಯಾಮ್ ಬುಷ್ ಮತ್ತು ರಾಕ್ ಹಾಡುಗಾರಿಕೆಯಿಂದ ಬಂದ ಜಾನ್ ಕೋವನ್. ಬುಷ್ ಮ್ಯಾಂಡೊಲಿನ್ ಮತ್ತು ಪಿಟೀಲು ಎರಡನ್ನೂ ನುಡಿಸುತ್ತಾರೆ. ಅದರಲ್ಲಿ ಪವಾಡವೇನೂ ಇಲ್ಲ. ಎರಡೂ ವಾದ್ಯಗಳ ತಂತಿಗಳನ್ನು ಜಿ, ಡಿ, ಎ, ಇ ಎಂದು ಒಂದೇ ರೀತಿ ಶ್ರುತಿ ಮಾಡುವುದರಿಂದ ಎಡಗೈ ಬೆರಳುಗಳಿಗೆ ಎರಡೂ ಒಂದೇ ಮನೆ.

‘ಪಂಚ್ ಬ್ರದರ್ಸ್’ ತಂಡವನ್ನು ಸಂಗೀತ ಶಾಲೆಯವರ ತಂಡವೆಂದು ಕರೆಯುವುದು ಅರ್ಧ ಸತ್ಯ. ಬಾಸ್‌ನ ಪಾಲ್ ಕೊವರ್ಟ್ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಓದಿದವರು ನಿಜ. ಆದರೆ ಮ್ಯಾಂಡೊಲಿನ್‌ನ ಕ್ರಿಸ್ ತೀಲಿ ಬಾಲ್ಯದಿಂದಲೇ ಕ್ಯಾಲಿಫೋರ್ನಿಯಾದಲ್ಲಿ ‘ನಿಕಲ್ ಕ್ರೀಕ್’ ತಂಡದೊಂದಿಗೆ ಬ್ಲೂಗ್ರಾಸ್ ನುಡಿಸುತ್ತ ಬೆಳೆದವರು. 2008ರ ‘ಪಂಚ್’ ಆಲ್ಬಮ್‌ನಲ್ಲಿ ನಾಲ್ಕು ಭಾಗಗಳ, ನಲವತ್ತು ನಿಮಿಷದಷ್ಟು ಉದ್ದದ ಕೃತಿಯನ್ನು ಬರೆದವರೂ, 2013ರಲ್ಲಿ ಜರ್ಮನಿಯ ಶಾಸ್ತ್ರೀಯ ಸಂಗೀತಕಾರ ಬಾಕ್ ಅವರ ಪಿಟೀಲು ಕೃತಿಗಳನ್ನು ಮ್ಯಾಂಡೊಲಿನ್‌ನಲ್ಲಿ ನುಡಿಸಿದವರೂ ಅವರೇ. ಗಿಟಾರಿನ ಕ್ರಿಸ್ ಎಲ್ಡ್ರಿಜ್ ಅವರ ವಿಚಾರ ಇನ್ನೂ ಸ್ವಾರಸ್ಯಕರ: ಐದನೇತಂತಿ ಅವರು ಹೇಳಿದ ‘ಸೆಲ್ಡಮ್ ಸೀನ್’ ತಂಡದ ಗಣಿತಜ್ಞ ಬೆನ್ ಎಲ್ಡ್ರಿಜ್ ಅವರ ಮಗ ಇವರು, ಜೊತೆಗೆ ಓಬರ್ಲಿನ್ ಕಾಲೇಜಿನಲ್ಲಿ ಓದಿದವರು. ಮನೆತನದ ಬ್ಲೂಗ್ರಾಸ್ ಮತ್ತು ಕಾಲೇಜಿನ ಸಂಗೀತ ಒಬ್ಬರಲ್ಲಿಯೇ ಕೂಡಿರುವಾಗ ಅವರನ್ನು ಯಾವ ಪಂಕ್ತಿಯಲ್ಲಿ ಕೂರಿಸುವುದು? ಈಸ್ಟ್ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1982ರಿಂದಲೂ ಬ್ಲೂಗ್ರಾಸ್ ಕಲಿಸಲಾಗುತ್ತಿದೆ. ಶಾಲೆ ಒಂದು ಕಡೆ, ಮನೆಯಂಗಳ ಇನ್ನೊಂದು ಕಡೆ ಎಂಬ ವಿಂಗಡಣೆ ಆ ಸೀಮೆಯಲ್ಲಿಯೇ ಎಂದೋ ಮಸುಕಾಗಿದೆ.

ಹಿನ್ನೆಲೆಯನ್ನು ಕಿವಿಯಿಂದ ಗುರುತಿಸುವ ಬಗೆ ಕೇಳಿದ್ದೀರಿ. ನನ್ನ ಸಲಹೆ ಇಷ್ಟೇ: ಯಾರು ಮುಂದೆ ಬಂದು ನುಡಿಸುತ್ತಿದ್ದಾರೋ ಅವರನ್ನು ಬಿಟ್ಟು ಹಿಂದಿರುವವರನ್ನು ಕೇಳಿ. ಮುಂದೆ ಬಂದಾಗ ಎಲ್ಲರೂ ಸಿದ್ಧಮಾಡಿಕೊಂಡದ್ದನ್ನು ನುಡಿಸುತ್ತಾರೆ. ಹಾಡುವವರ ಎರಡು ಸಾಲುಗಳ ನಡುವಿನ ಕ್ಷಣದಲ್ಲಿ ಪಿಟೀಲು ಏನು ಹೇಳಿ ಸುಮ್ಮನಾಗುತ್ತದೆ, ತಾಳದ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಮ್ಯಾಂಡೊಲಿನ್ ಕತ್ತರಿಸಿದಂತೆ ಬೀಳುವ ಮೀಟು ಒಣಗಿದೆಯೋ ಗುಂಗುಡುತ್ತದೆಯೋ ಎಂಬುದರಲ್ಲಿ ಅವರು ಯಾರ ಜೊತೆ ನುಡಿಸಿ ಬೆಳೆದರೆಂಬುದು ಬೇಗ ಗೊತ್ತಾಗುತ್ತದೆ.

ಉತ್ತರ: ಮಂದ್ರ

ಎಂದಿನಂತೆ ಬಾಸ್ ನುಡಿಸುವವರಿಗೆ ಎಲ್ಲರೂ ಅರ್ಧ ವಾಕ್ಯ ಕೊಟ್ಟಿದ್ದೀರಿ, ಆದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ಹಳೆಯ ತಂಡಗಳಲ್ಲಿ ಬಾಸ್ ಹಿಡಿದವರೇ ವೇದಿಕೆಯ ಹಾಸ್ಯಗಾರರೂ ಆಗಿರುವುದು ವಾಡಿಕೆಯಾಗಿತ್ತು, ವಾಟ್ಸ್ ಅವರ ‘ರೇನ್‌ವಾಟರ್’ ವೇಷ ಆ ಸಂಪ್ರದಾಯದ್ದು. 1950ರ ದಶಕದಿಂದ ಸುಮಾರು ಹನ್ನೆರಡು ವರ್ಷ ಮನ್ರೋ ತಂಡದಲ್ಲಿ ಬಾಸ್ ನುಡಿಸಿದವರು ಬೆಸಿ ಲೀ ಮಾಲ್ಡಿನ್ ಎಂಬ ಮಹಿಳೆ; ತಂಡದ ಹೆಸರಿನಲ್ಲಿ ‘ಬಾಯ್ಸ್’ ಎಂದಿದ್ದರೂ ಆ ಕಾಲದ ಧ್ವನಿಮುದ್ರಣಗಳ ಕೆಳಸ್ವರ ಅವರದು. ಸ್ಟ್ಯಾನ್ಲಿ ಸಹೋದರರ ಜೊತೆಗಿದ್ದ 
ಜಾರ್ಜ್ ಶಫ್ಲರ್ ಬಾಸ್ ನುಡಿಸುತ್ತಿದ್ದವರು. ಅವರು ಗಿಟಾರ್ ಕೈಗೆತ್ತಿಕೊಂಡಾಗ ಒಂದೇ ಪಿಕ್‌ನಿಂದ ಪಕ್ಕಪಕ್ಕದ ತಂತಿಗಳನ್ನು ದಾಟುತ್ತ ಹೋಗುವ ಮೀಟನ್ನು ಬೆಳೆಸಿದರು. ನಿಧಾನದ ಹಾಡುಗಳಲ್ಲಿ ಗಾಯಕರು ಉಸಿರೆಳೆದುಕೊಳ್ಳುವ ಜಾಗಗಳನ್ನು ಅದು ತುಂಬುತ್ತಿತ್ತು.

1973ರಲ್ಲಿ ‘ಓಲ್ಡ್ ಆ್ಯಂಡ್ ಇನ್ ದ ವೇ’ ತಂಡಕ್ಕೆ ಬಾಸ್ ನುಡಿಸಿದ ಜಾನ್ ಕಾನ್ ಅವರು ಜಾಝ್ ಮತ್ತು ರಾಕ್ ಕಡೆಯಿಂದ ಬಂದವರು. ಅದೇ ತಂಡದಲ್ಲಿ ಬ್ಯಾಂಜೊ ಹಿಡಿದವರು ‘ಗ್ರೇಟ್‌ಫುಲ್ ಡೆಡ್’ ರಾಕ್ ತಂಡದ ಜೆರಿ ಗಾರ್ಸಿಯಾ, ಪಿಟೀಲು ಹಿಡಿದವರು ಮನ್ರೋ ಅವರ ಬಳಿ ನುಡಿಸಿ ಬಂದ ವ್ಯಾಸರ್ ಕ್ಲೆಮೆಂಟ್ಸ್, ಹಾಡಿದವರಲ್ಲಿ ಒಬ್ಬರು ಮೇಲೆ ಹೇಳಿದ ರೋವನ್. ನಾದಬಿಂದು ಅವರು 1946ರ ತಂಡವನ್ನೂ ಇಂದಿನ ತಂಡವನ್ನೂ ಕೇಳಿ ಮುಗಿಸಿದ ಮೇಲೆ ಈ ತಂಡದ ಸ್ಯಾನ್ ಫ್ರಾನ್ಸಿಸ್ಕೊ ಧ್ವನಿಮುದ್ರಣವನ್ನು ಕೇಳುವುದು ಒಳ್ಳೆಯದು, ಮೊದಲ ಸಲ ಕೇಳುವಾಗ ಬಾಸ್ ಒಂದನ್ನೇ ಹಿಂಬಾಲಿಸಿ.